ವಯಸ್ಸಾದ ಬೆಕ್ಕಿನ ಕತ್ತು ಜೋತುಬಿದ್ದಾಗ: ಕಾನ್ಸ್ ಸಿಂಡ್ರೋಮ್ ಆರೈಕೆಯ ಸಮಗ್ರ ಮಾರ್ಗದರ್ಶಿ

ಹತ್ತು ವರ್ಷ ದಾಟಿದ ಬೆಕ್ಕು ಅಟ್ಟ ಹತ್ತೋದು ಬಿಡುತ್ತೆ. ನಡೆಯುವಾಗ ಹಿಂಗಾಲು ಕುಸಿಯುತ್ತೆ. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿಕೊಂಡು, ಕಣ್ಣು ಮಾತ್ರ ಮೇಲೆತ್ತಿ ನಮ್ಮನ್ನು ನೋಡುತ್ತೆ. ಇದನ್ನು ಅಕ್ಕಪಕ್ಕದವರಿಗೆ ತೋರಿಸಿದರೆ ದಾವಣಗೆರೆಯಲ್ಲಿ ಸಿಗೋ ಉತ್ತರ ಒಂದೇ: "ವಯಸ್ಸಾಗೇತಿ ಬಿಡವ್ವಾ, ಇನ್ನೆಷ್ಟು ದಿನ."

ಈ ಉತ್ತರಕ್ಕೆ ತಲೆಯಾಡಿಸುವ ಮೊದಲು ಎರಡು ಅಂಕಿ ತಿಳಿದುಕೊಳ್ಳಿ: ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಬಿಪಿ ಎಷ್ಟಿದೆ. ಇವೆರಡನ್ನು ಅಳೆಯದೆ ಮುಪ್ಪು ಅಂತ ತೀರ್ಮಾನ ಮಾಡೋದು ಅನ್ಯಾಯ. ಪೊಟ್ಯಾಸಿಯಂ ಕಡಿಮೆ, ಬಿಪಿ ಜಾಸ್ತಿ ಅಂತ ಬಂದರೆ, ಅದರ ಹಿಂದೆ ಕಾನ್ಸ್ ಸಿಂಡ್ರೋಮ್ ಅನ್ನೋ ಅಪರೂಪದ ಕಾಯಿಲೆ ಇರಬಹುದು. ಗಂಭೀರ ಕಾಯಿಲೆ ಹೌದು, ಆದರೆ ಇದಕ್ಕೆ ಬೇಕಾದ ಮಾತ್ರೆಗಳು ನಮ್ಮ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ. ನಮ್ಮ ಬೆಕ್ಕು ಕೆಂಚನನ್ನು ಈ ಕಾಯಿಲೆಯ ಜೊತೆ ನೋಡಿಕೊಂಡ ಅನುಭವದಿಂದ, ಡಾಕ್ಟರುಗಳ ಹತ್ತಿರ ಕೇಳಿ ತಿಳಿದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಔಷಧದ ಪ್ರಮಾಣ ನಿರ್ಧರಿಸಬೇಕಾದವರು ನಿಮ್ಮ ಬೆಕ್ಕನ್ನು ಕೈಯಲ್ಲಿ ಹಿಡಿದು ನೋಡಿದ ಡಾಕ್ಟರು ಮಾತ್ರ. ಇಲ್ಲಿ ಕೊಟ್ಟ ಅಂಕಿಗಳು ಅವರ ಜೊತೆ ಸರಿಯಾಗಿ ಮಾತಾಡೋಕೆ.

ಒಳಗೆ ಆಗುತ್ತಿರುವುದೇನು

ಎರಡೂ ಕಿಡ್ನಿಗಳ ಪಕ್ಕದಲ್ಲಿ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತೆ. ಬೆಕ್ಕಿನಲ್ಲಿ ಅದು ಚಳ್ಳಕೆರೆ ಕಡೆಯ ಸಣ್ಣ ಶೇಂಗಾ ಬೀಜದಷ್ಟು: ಉದ್ದ ಸುಮಾರು 1 ಸೆಂಟಿಮೀಟರ್, ದಪ್ಪ ಸುಮಾರು 4 ಮಿಲಿಮೀಟರ್. ಅದು ಸ್ರವಿಸುವ ಹಾರ್ಮೋನುಗಳಲ್ಲಿ ಅಲ್ಡೋಸ್ಟೆರೋನ್ ಒಂದು. ಸೋಡಿಯಂ ಉಳಿಸಿಕೋ, ಪೊಟ್ಯಾಸಿಯಂ ಮೂತ್ರದಲ್ಲಿ ಬಿಡು ಅಂತ ಕಿಡ್ನಿಗೆ ಹೇಳೋದು ಇದರ ಕೆಲಸ. ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ, ಅಥವಾ ಗ್ರಂಥಿಯೇ ದಪ್ಪಗಾದರೆ, ಈ ಹಾರ್ಮೋನ್ ಅಂಕೆ ಮೀರಿ ಸುರಿಯುತ್ತೆ. ಉಪ್ಪಿನ ಜೊತೆ ನೀರೂ ಉಳಿದು ಬಿಪಿ ಏರುತ್ತೆ. ಪೊಟ್ಯಾಸಿಯಂ ಸೋರಿ ಹೋಗಿ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ಬೆಕ್ಕು ತಲೆ ಎತ್ತಿ ನಿಲ್ಲಲು ಕತ್ತಿನ ಸ್ನಾಯುಗಳನ್ನೇ ಬಹಳ ನೆಚ್ಚಿಕೊಂಡಿರೋದರಿಂದ ಮೊದಲು ಅಲ್ಲೇ ಗೊತ್ತಾಗುತ್ತೆ.

ಮನುಷ್ಯರಲ್ಲಿ ಇದನ್ನು 1955ರಲ್ಲಿ ವಿವರಿಸಿದವರು ಅಮೆರಿಕದ ವೈದ್ಯ ಜೆರೋಮ್ ಕಾನ್. ಬೆಕ್ಕಿನಲ್ಲಿ ಮೊದಲ ವರದಿ ಬಂದದ್ದು 1983ರಲ್ಲಿ. ವೈದ್ಯರ ಚೀಟಿಯಲ್ಲಿ ಪ್ರೈಮರಿ ಹೈಪರ್‌ಅಲ್ಡೋಸ್ಟೆರೋನಿಸಂ ಅಂತಲೂ ಬರೆದಿರಬಹುದು, ಎರಡೂ ಒಂದೇ.

ಹಂತ 1: ಮನೆಯಲ್ಲೇ ಗಮನಿಸಿ, ಬರೆದಿಡಿ

ಡಾಕ್ಟರ ಟೇಬಲ್ ಮೇಲೆ ಬೆಕ್ಕು ಹೆದರಿ ಮುದುರಿ ಕೂತಿರುತ್ತೆ. ಆಗ ಕತ್ತು ಬಾಗಿದ್ದು ಭಯಕ್ಕೋ ಕಾಯಿಲೆಗೋ ಹೇಳೋದು ಕಷ್ಟ. ಮನೆಯಲ್ಲಿ ನಡೆಯುವಾಗ, ಊಟದ ತಟ್ಟೆ ಹತ್ತಿರ ಬರುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅರ್ಧ ನಿಮಿಷ ಸಾಕು.

ನೀರು ಜಾಸ್ತಿ ಕುಡಿಯುತ್ತಾ, ಮಣ್ಣಿನ ಟ್ರೇ ಬೇಗ ಒದ್ದೆಯಾಗುತ್ತಾ, ತೂಕ ಇಳಿದಿದೆಯಾ ನೋಡಿ. ತೂಕಕ್ಕೆ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಚೆನ್ನಾಗಿ ಒದಗುತ್ತೆ. ಗಟ್ಟಿ ಬಟ್ಟೆ ಚೀಲದಲ್ಲಿ ಬೆಕ್ಕನ್ನು ಕೂರಿಸಿ ಎತ್ತಿ, ಚೀಲದ ತೂಕ ಕಳೆಯಿರಿ. ಮನುಷ್ಯರು ನಿಂತು ತೂಗುವ ಯಂತ್ರದಲ್ಲಿ 100 ಗ್ರಾಂ ವ್ಯತ್ಯಾಸ ನಂಬೋಕಾಗಲ್ಲ. ನಾಲ್ಕು ಕೆಜಿ ಬೆಕ್ಕಿಗೆ ಆ 100 ಗ್ರಾಂ ಸಣ್ಣದಲ್ಲ.

ಕಣ್ಣನ್ನು ಬೇರೆಯಾಗಿಯೇ ನೋಡಿ. ಮಧ್ಯಾಹ್ನದ ಬೆಳಕಿನಲ್ಲೂ ಪಾಪೆ ಅಗಲವಾಗಿ ತೆರೆದೇ ಇದ್ದರೆ, ಬಾಗಿಲ ಚೌಕಟ್ಟಿಗೆ ಕಾಣದೆ ಮುಖ ಬಡಿಸಿಕೊಂಡರೆ, ಬಿಪಿ ಏರಿ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಕಳಚಿಕೊಂಡಿರಬಹುದು. ಅದು ಅವತ್ತೇ ಆಸ್ಪತ್ರೆಗೆ ಓಡಬೇಕಾದ ಸಂಗತಿ. ತಕ್ಷಣ ಬಿಪಿ ಇಳಿಸಿದರೆ ಕೆಲವು ಬೆಕ್ಕುಗಳಿಗೆ ದೃಷ್ಟಿ ಸ್ವಲ್ಪವಾದರೂ ಮರಳುತ್ತೆ, ತಡವಾದರೆ ಆ ಅವಕಾಶ ಹೋಗುತ್ತೆ.

ಕಾಯುವ ಹೊತ್ತಿನಲ್ಲಿ ನೋವಿನ ಮಾತ್ರೆ ಅಂತ ಪ್ಯಾರಾಸಿಟಮಾಲ್ ಖಂಡಿತ ಕೊಡಬೇಡಿ. ಡೋಲೊ, ಕ್ರೋಸಿನ್ ಯಾವುದೇ ಆಗಲಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಹಂತ 2: ರಕ್ತ ಪರೀಕ್ಷೆ

"ಬ್ಲಡ್ ಟೆಸ್ಟ್ ಮಾಡಿಸಿದೀವಿ, ಎಲ್ಲ ನಾರ್ಮಲ್" ಅನ್ನುವವರ ರಿಪೋರ್ಟ್ ತೆಗೆದು ನೋಡಿದರೆ ಎಷ್ಟೋ ಸಲ ಅದರಲ್ಲಿ ರಕ್ತಕಣ, ಲಿವರ್, ಕಿಡ್ನಿ ಮಾತ್ರ ಇರುತ್ತೆ. ಎಲೆಕ್ಟ್ರೋಲೈಟ್, ಅಂದರೆ ರಕ್ತದ ಲವಣಗಳದ್ದು, ಬೇರೆಯೇ ಪರೀಕ್ಷೆ. ಬಾಯಿ ಬಿಟ್ಟು ಕೇಳಿ: "ಸರ್, ಪೊಟ್ಯಾಸಿಯಂ ಕೂಡ ನೋಡಬೇಕಿತ್ತು."

ಬೆಕ್ಕಿನ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5.5 ಮಿಲಿ ಈಕ್ವಿವಲೆಂಟ್ (ಲವಣ ಅಳೆಯುವ ಮಾನ, ರಿಪೋರ್ಟಿನಲ್ಲಿ mEq/L) ಒಳಗಿರಬೇಕು. 3ರ ಕೆಳಗೆ ಇಳಿದರೆ ಸ್ನಾಯು ಸೋಲುವುದು ಕಾಣುತ್ತೆ. 2.5ಕ್ಕಿಂತ ಕೆಳಗೆ ಉಸಿರಾಟದ ಸ್ನಾಯುಗಳೇ ಸೋಲಬಹುದು, ಹೃದಯದ ಬಡಿತ ಹದ ತಪ್ಪಬಹುದು. ಅಂಥ ಬೆಕ್ಕನ್ನು ಮನೆಗೆ ಕರೆದೊಯ್ದು ಸಿರಪ್ ಹಾಕೋದಲ್ಲ, ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಮೂಲಕ ಕೊಡಬೇಕು.

ಇನ್ನೊಂದು ಸಂಗತಿ ರಕ್ತ ತೆಗೆಯುವಾಗಲೇ ಗಮನದಲ್ಲಿರಲಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ರಾಸಾಯನಿಕ ಪೊಟ್ಯಾಸಿಯಂ ಲವಣ. ಅದರ ರಕ್ತ ಸ್ವಲ್ಪ ಕೆಂಪು ಮುಚ್ಚಳದ ಟ್ಯೂಬಿಗೆ ಬೆರೆತರೂ ಪೊಟ್ಯಾಸಿಯಂ ಇಲ್ಲದ್ದು ಇರುವಂತೆ ತೋರಿಸುತ್ತೆ. ಮೊದಲು ಕೆಂಪು ಮುಚ್ಚಳದ್ದು ತುಂಬಿ, ಆಮೇಲೆ ನೇರಳೆ. ಬೆಕ್ಕಿನ ಕತ್ತು ಜೋತಿದೆ, ರಿಪೋರ್ಟಿನಲ್ಲಿ ಮಾತ್ರ ಪೊಟ್ಯಾಸಿಯಂ ಚೆನ್ನಾಗಿದೆ ಅಂದರೆ ಇನ್ನೊಮ್ಮೆ ಮಾಡಿಸಿ.

ಅದೇ ರಕ್ತದಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮತ್ತು ಥೈರಾಯ್ಡಿನ ಟಿ4 ನೋಡಿಸಿ. ಮುದಿ ಬೆಕ್ಕುಗಳಲ್ಲಿ ಪೊಟ್ಯಾಸಿಯಂ ಇಳಿಯಲು, ಬಿಪಿ ಏರಲು ಹೆಚ್ಚು ಸಾಮಾನ್ಯ ಕಾರಣ ಕಿಡ್ನಿ ಕಾಯಿಲೆ. ಥೈರಾಯ್ಡ್ ಅತಿಯಾದರೂ ಹೀಗಾಗಬಹುದು. ಕತ್ತು ಜೋಲುವುದಕ್ಕೆ ಥಯಾಮಿನ್ ಅಂದರೆ ಬಿ1 ಕೊರತೆಯೂ ಕಾರಣವಾಗುತ್ತೆ. ಹಸಿ ಮೀನೇ ಆಹಾರವಾಗಿರುವ ಬೆಕ್ಕಿನಲ್ಲಿ ಇದನ್ನು ಅನುಮಾನಿಸಬೇಕು. ಕೆಲವು ಹಸಿ ಮೀನಿನಲ್ಲಿರುವ ಕಿಣ್ವ ಬಿ1 ಅನ್ನು ಒಡೆದುಹಾಕುತ್ತೆ. ಹೊಲದ ಕೀಟನಾಶಕದ ವಿಷವೂ ಹೀಗೆ ಕಾಣಿಸಬಹುದು. ಹತ್ತಿ, ಮೆಕ್ಕೆಜೋಳದ ಹೊಲ ಪಕ್ಕದಲ್ಲಿರುವ ಹಳ್ಳಿಯವರು ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ.

ಹಂತ 3: ಬಿಪಿ ಅಳೆಸೋದು

ನಿಧಾನ ಮಾಡಬೇಕಾದ ಕೆಲಸ ಇದೇ. ಹೆದರಿದ ಬೆಕ್ಕಿನ ಬಿಪಿ ಸುಮ್ಮನೇ ಏರಿರುತ್ತೆ. ಕೋಣೆಯಲ್ಲಿ ನಾಯಿ ಇರಬಾರದು, ಫ್ಯಾನಿನ ಸದ್ದು ಕಡಿಮೆ ಇರಲಿ. ಬೆಕ್ಕನ್ನು ಅದರ ಬುಟ್ಟಿಯಲ್ಲೇ ಐದರಿಂದ ಹತ್ತು ನಿಮಿಷ ಸುಮ್ಮನೆ ಬಿಡಿ. ಮನೆಯಿಂದ ತಂದ ಹಳೇ ಸೀರೆ ತುಂಡಿನ ಮೇಲೆ ಕೂರಿಸಿ, ನೀವೇ ಹಿಡಿದುಕೊಳ್ಳಿ. ಮುಂಗಾಲಿಗೋ ಬಾಲದ ಬುಡಕ್ಕೋ ಪಟ್ಟಿ ಸುತ್ತುತ್ತಾರೆ. ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇಕಡ 30ರಿಂದ 40ರಷ್ಟಿರಬೇಕು. ಪಟ್ಟಿ ಕಿರಿದಾದರೆ ಬಿಪಿ ಜಾಸ್ತಿ ತೋರಿಸುತ್ತೆ, ಅಗಲವಾದರೆ ಕಡಿಮೆ. ಮೊದಲ ಅಳತೆ ಬಿಟ್ಟು, ಮುಂದಿನ ಐದಾರರ ಸರಾಸರಿ ತೆಗೆಯೋದು ಸರಿಯಾದ ಕ್ರಮ. ಕೆಂಚ ಎರಡನೇ ಅಳತೆಯವರೆಗೆ ಗುರುಗುಟ್ಟುತ್ತಿದ್ದ. ಡಾಕ್ಟರಮ್ಮ ಪಟ್ಟಿ ಬಿಚ್ಚಿ, ನನ್ನ ಮೊಣಕೈ ಸಂದಿಯಲ್ಲಿ ಅವನು ಮುಖ ಹುದುಗಿಸುವವರೆಗೆ ಸುಮ್ಮನೆ ನಿಂತಿದ್ದರು. ಆಮೇಲಿನ ಅಳತೆಗಳು ಒಂದಕ್ಕೊಂದು ಹತ್ತಿರ ಬಂದವು. ಇಷ್ಟು ತಾಳ್ಮೆ ಇರುವ ಡಾಕ್ಟರು ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಿ.

ಮೇಲಿನ ಅಂಕಿ 160 ದಾಟಿ ಹಾಗೇ ಉಳಿದರೆ ಔಷಧ ಬೇಕು. 180 ದಾಟಿದರೆ ಕಣ್ಣು, ಮಿದುಳು, ಕಿಡ್ನಿ, ಹೃದಯಕ್ಕೆ ಪೆಟ್ಟು ಬೀಳುವ ಅಪಾಯ ತೀರಾ ಹೆಚ್ಚು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ದನ, ಎಮ್ಮೆ, ಕುರಿ ನೋಡುವ ಅನುಭವ ನಮ್ಮ ಪಶುವೈದ್ಯರಿಗೆ ಬೇಕಾದಷ್ಟಿದೆ. ಬೆಕ್ಕಿನ ಬಿಪಿ ಅಳೆಯುವ ಡಾಪ್ಲರ್ ಯಂತ್ರ ಎಲ್ಲ ಕ್ಲಿನಿಕ್ಕಿನಲ್ಲೂ ಇರಲ್ಲ. ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಹಂತ 4: ಸ್ಕ್ಯಾನ್, ಹೊರ ಊರಿನ ಪಯಣ

ಪೊಟ್ಯಾಸಿಯಂ ಕಡಿಮೆ, ಬಿಪಿ ಜಾಸ್ತಿ ಅಂತ ಖಚಿತವಾದ ಮೇಲೆ ಹೊಟ್ಟೆಯ ಅಲ್ಟ್ರಾಸೌಂಡ್. ಎರಡೂ ಅಡ್ರಿನಲ್ ಗ್ರಂಥಿಗಳನ್ನು ಹುಡುಕಿ ಅಳೆಯಿರಿ ಅಂತ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಸಾಮಾನ್ಯ ಹೊಟ್ಟೆ ಸ್ಕ್ಯಾನಿನಲ್ಲಿ ಅಷ್ಟು ಸಣ್ಣ ಗ್ರಂಥಿ ಕಣ್ತಪ್ಪುವುದು ಸುಲಭ. ಒಂದು ಕಡೆ ಗಡ್ಡೆ ಕಂಡರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟ. ರಕ್ತದಲ್ಲಿ ಅಲ್ಡೋಸ್ಟೆರೋನ್ ಅಳೆಸಿದರೆ ಇನ್ನೂ ಗಟ್ಟಿ: ಪೊಟ್ಯಾಸಿಯಂ ಕಡಿಮೆಯಿದ್ದಾಗ ಈ ಹಾರ್ಮೋನ್ ತಗ್ಗಿರಬೇಕು, ತಗ್ಗದೆ ಏರಿಯೇ ಇದ್ದರೆ ಕಾಯಿಲೆ ಅದೇ ಆಗಿರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆ ಎಲ್ಲ ಕಡೆ ಆಗಲ್ಲ, ರಿಪೋರ್ಟ್ ಬರಲು ತಡವೂ ಆಗುತ್ತೆ. ಅದಕ್ಕೆ ಕಾಯುತ್ತಾ ಪೊಟ್ಯಾಸಿಯಂ ಕೊಡೋದನ್ನು ಮುಂದೂಡಬಾರದು.

ದಾವಣಗೆರೆಯಿಂದ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದ್ದು. ಚನ್ನಗಿರಿ ಮೇಲೂ ಹೋಗಬಹುದು, ಹೊನ್ನಾಳಿ ಮೇಲೂ ಹೋಗಬಹುದು. ಚಿತ್ರದುರ್ಗದವರಿಗೆ ಹೆದ್ದಾರಿ ಹಿಡಿದು ಬೆಂಗಳೂರು ಸುಮಾರು 200 ಕಿಲೋಮೀಟರ್, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಲ್ಲಿದೆ. ಮೊದಲೇ ಫೋನ್ ಮಾಡಿ, ಅವತ್ತು ಬೆಕ್ಕಿನ ಸ್ಕ್ಯಾನ್ ಮಾಡುವವರು ಇರುತ್ತಾರಾ, ಖರ್ಚು ಎಷ್ಟಾಗಬಹುದು ಕೇಳಿಕೊಂಡೇ ಹೊರಡಿ. ಬೇಸಿಗೆಯಲ್ಲಿ ನಮ್ಮ ಕಡೆ ಹನ್ನೊಂದರ ಮೇಲೆ ಕಾರಿನೊಳಗೆ ಬೆಂಕಿ, ಬೆಳಗಿನ ಜಾವವೇ ಬಿಡಿ. ಡಿಕ್ಕಿಯಲ್ಲಿ ಬುಟ್ಟಿ ಇಡಬೇಡಿ. ಹಳೆಯ ರಿಪೋರ್ಟುಗಳು, ವಿಡಿಯೊ, ಕೊಡುತ್ತಿರುವ ಔಷಧದ ಸ್ಟ್ರಿಪ್‌ಗಳು ಒಂದೇ ಚೀಲದಲ್ಲಿರಲಿ.

ಹಂತ 5: ಔಷಧ

ಮೂರು ಬಗೆಯ ಔಷಧ.

ಮೊದಲನೆಯದು ಪೊಟ್ಯಾಸಿಯಂ. ಬೆಕ್ಕಿಗೆ ಗ್ಲೂಕೊನೇಟ್ ರೂಪ ಒಗ್ಗುತ್ತೆ. ಅದು ಸಿಗದ ಕಡೆ ಡಾಕ್ಟರು ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ ಬರೆಯುತ್ತಾರೆ. ಮೆಡಿಕಲ್ ಶಾಪಿನ ಸಿರಪ್ಪಿನಲ್ಲಿ ಸಾಮಾನ್ಯವಾಗಿ 15 ಎಂಎಲ್‌ಗೆ 1.5 ಗ್ರಾಂ, ಅಂದರೆ 20 ಮಿಲಿ ಈಕ್ವಿವಲೆಂಟ್ ಇರುತ್ತೆ. ಬೆಕ್ಕಿಗೆ ದಿನಕ್ಕೆ 2ರಿಂದ 6 ಮಿಲಿ ಈಕ್ವಿವಲೆಂಟ್‌ನ ಸುತ್ತಮುತ್ತ, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ. ಲೆಕ್ಕ ತಪ್ಪುವ ಜಾಗ ಇದು, ಹಾಗಾಗಿ ಎಷ್ಟು ಎಂಎಲ್ ಅಂತಲೇ ಬರೆಸಿಕೊಳ್ಳಿ, ಸೂಜಿ ತೆಗೆದ ಸಿರಿಂಜಿನಲ್ಲೇ ಅಳೆಯಿರಿ. ಖಾಲಿ ಹೊಟ್ಟೆಗೆ ಹಾಕಿದರೆ ವಾಂತಿ ಮಾಡುತ್ತೆ, ಆಹಾರದ ಜೊತೆ ಕೊಡಿ. "ಎಳನೀರು ಕುಡಿಸಿದರೆ ಆಗಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಆದರೆ ಕಾಯಿಯಿಂದ ಕಾಯಿಗೆ ಪ್ರಮಾಣ ಬದಲಾಗುತ್ತೆ. ಕತ್ತು ನಿಲ್ಲದ ಬೆಕ್ಕಿಗೆ ಅಷ್ಟು ನೀರು ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಎರಡನೆಯದು ಸ್ಪೈರೊನೊಲ್ಯಾಕ್ಟೋನ್. ಅಲ್ಡೋಸ್ಟೆರೋನ್ ಕೆಲಸಕ್ಕೆ ಅಡ್ಡ ನಿಲ್ಲುತ್ತೆ, ಪೊಟ್ಯಾಸಿಯಂ ಸೋರುವುದು ತಗ್ಗುತ್ತೆ. 25 ಎಂಜಿ ಮಾತ್ರೆಯ ಕಾಲು ಭಾಗದ ಆಸುಪಾಸಿನಿಂದ ಶುರುಮಾಡುವುದು ರೂಢಿ. ಕೆಲವು ಬೆಕ್ಕುಗಳಿಗೆ ಮುಖದ ಚರ್ಮದಲ್ಲಿ ತುರಿಕೆ, ಹುಣ್ಣು ಬರುವುದುಂಟು. ಬಂದರೆ ಡಾಕ್ಟರಿಗೆ ತಿಳಿಸಿ.

ಮೂರನೆಯದು ಬಿಪಿಗೆ ಅಮ್ಲೋಡಿಪಿನ್. 2.5 ಎಂಜಿ ಮಾತ್ರೆಯ ಕಾಲು ಭಾಗ, ಅಂದರೆ 0.625 ಎಂಜಿ, ದಿನಕ್ಕೊಮ್ಮೆ. ಸಾಲದಿದ್ದರೆ ಡಾಕ್ಟರು ಅರ್ಧಕ್ಕೆ ಏರಿಸುತ್ತಾರೆ.

ಇಲ್ಲಿ ಒಂದು ವಿಷಯಕ್ಕೆ ಕಣ್ಣಲ್ಲಿ ಕಣ್ಣಿಡಬೇಕು. ಮನುಷ್ಯರ ಬಿಪಿ ಮಾತ್ರೆಗಳಲ್ಲಿ ಎರಡು ಔಷಧ ಬೆರೆಸಿದವು ಬಹಳ. ಅಲ್ಡಾಕ್ಟೋನ್ ಅಂದರೆ ಬರೀ ಸ್ಪೈರೊನೊಲ್ಯಾಕ್ಟೋನ್. ಲಾಸಿಲ್ಯಾಕ್ಟೋನ್ ಅಂದರೆ ಅದರ ಜೊತೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಸೇರಿರುತ್ತೆ, ಅದು ಪೊಟ್ಯಾಸಿಯಂ ಅನ್ನು ಇನ್ನಷ್ಟು ಹೊರಗೆ ಹಾಕುತ್ತೆ. ಈ ಬೆಕ್ಕಿಗೆ ನಾವು ಮಾಡುತ್ತಿರುವುದಕ್ಕೆ ಪೂರಾ ಉಲ್ಟಾ. ಅಮ್ಲೋಡಿಪಿನ್ ಹೆಸರಿನ ಕೊನೆಗೆ ಎ, ಎಟಿ, ಎಚ್ ಅಂತ ಬಾಲ ಇದ್ದರೆ ಅದರಲ್ಲೂ ಬೇರೊಂದು ಔಷಧ ಇದೆ. ಅಂಗಡಿಯಲ್ಲಿ "ಅಕ್ಕಾ, ಅದಿಲ್ಲ, ಇದೂ ಅದೇ, ತಗಂಡ್ಹೋಗಿ" ಅಂದರೆ ತರಬೇಡಿ. ಸ್ಟ್ರಿಪ್ಪಿನ ಹಿಂದೆ ಔಷಧದ ಹೆಸರು ಒಂದೇ ಇದೆಯಾ ನೋಡಿ. "ಅಣ್ಣಾ, ಇದು ಬೆಕ್ಕಿಗೆ, ಬೇರೇನೂ ಸೇರಿರಬಾರದು" ಅಂತ ಹೇಳಿದರೆ ಅವರೂ ಹುಡುಕಿ ಕೊಡುತ್ತಾರೆ.

ಡ್ರಿಪ್ ವಿಷಯದಲ್ಲೂ ಇದೇ ಎಚ್ಚರ. ಸುಸ್ತಾದ ಪ್ರಾಣಿಗೆ ಗ್ಲೂಕೋಸ್ ಬಾಟಲಿ ಏರಿಸೋದು ನಮ್ಮಲ್ಲಿ ವಾಡಿಕೆ. ಗ್ಲೂಕೋಸ್ ಹೋದಾಗ ದೇಹದಲ್ಲಿ ಇನ್ಸುಲಿನ್ ಏರಿ, ಇದ್ದಬದ್ದ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳುತ್ತೆ, ರಕ್ತದಲ್ಲಿ ಇನ್ನೂ ಕಡಿಮೆಯಾಗುತ್ತೆ. ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್, ಬಾಟಲಿಯಲ್ಲಿ ಪೊಟ್ಯಾಸಿಯಂ ಲೀಟರಿಗೆ 4 ಮಿಲಿ ಈಕ್ವಿವಲೆಂಟ್ ಮಾತ್ರ ಇರೋದರಿಂದ ಅದೂ ಸಾಲದು. ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಬೇಕು, ಬಾಟಲಿ ಚೆನ್ನಾಗಿ ಕಲಕಬೇಕು, ಗಂಟೆಗೆ ಕೆಜಿಗೆ 0.5 ಮಿಲಿ ಈಕ್ವಿವಲೆಂಟ್ ಮೀರಬಾರದು. ಬೇಗ ಹೋದರೆ ಹೃದಯ ನಿಲ್ಲುತ್ತೆ. ಬೇರೆ ಊರಿನಲ್ಲೋ ರಾತ್ರಿ ಹೊತ್ತಿನಲ್ಲೋ ಹೊಸ ಡಾಕ್ಟರ ಹತ್ತಿರ ಹೋಗಬೇಕಾದರೆ "ಇದಕ್ಕೆ ಲೋ ಪೊಟ್ಯಾಸಿಯಂ ಇದೆ ಸರ್" ಅನ್ನೋದೇ ನಿಮ್ಮ ಮೊದಲ ಮಾತಾಗಲಿ. ನಾನು ಕೆಂಚನ ಬುಟ್ಟಿಯ ಮೇಲೇ ಅದನ್ನು ಬರೆದು ಅಂಟಿಸಿದ್ದೆ.

ಕಾಲು ಮಾತ್ರೆ ಕೊಡುವ ಬಗೆ: ಪಿಲ್ ಕಟರ್‌ನಲ್ಲಿ ಕತ್ತರಿಸಿ, ಚಾಕುವಿನಿಂದ ಪುಡಿಯಾಗುತ್ತೆ. ಬೆಕ್ಕನ್ನು ಮೊಣಕಾಲ ಮಧ್ಯೆ, ಮುಖ ಆಚೆ ಮಾಡಿ ಕೂರಿಸಿ. ಎಡಗೈಯಿಂದ ಕೆನ್ನೆ ಮೂಳೆ ಹಿಡಿದು ಮೂಗು ಸ್ವಲ್ಪವೇ ಮೇಲೆತ್ತಿ. ಕತ್ತು ಸೋತಿರೋದರಿಂದ ಪೂರ್ತಿ ಹಿಂದಕ್ಕೆ ಮಣಿಸಬೇಡಿ. ಬಲಗೈ ನಡುಬೆರಳಿಂದ ಕೆಳದವಡೆ ತೆರೆದು ನಾಲಿಗೆಯ ಬುಡದಲ್ಲಿ ಮಾತ್ರೆ ಬಿಡಿ. ಆಮೇಲೆ ಕೆನ್ನೆ ಪಕ್ಕದಿಂದ ಸಿರಿಂಜಿನಲ್ಲಿ 3ರಿಂದ 5 ಎಂಎಲ್ ನೀರು, ಹನಿ ಹನಿಯಾಗಿ, ನುಂಗಲು ಬಿಡುತ್ತಾ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿದರೆ ಗಾಯವಾಗುತ್ತೆ. ಬೇಯಿಸಿದ ಕೋಳಿ ಲಿವರಿನ ತುಣುಕಿನಲ್ಲಿ ಇಟ್ಟರೆ ತಾನೇ ತಿನ್ನುವ ಬೆಕ್ಕುಗಳೂ ಇವೆ. ಅಂಥದ್ದು ನಿಮ್ಮದಾದರೆ ಈ ಕಸರತ್ತೇ ಬೇಡ.

ಹಂತ 6: ಮನೆ ಮತ್ತು ಊಟ

ತಟ್ಟೆಯನ್ನು ಒಂದು ಇಟ್ಟಿಗೆ ಮೇಲಿಡಿ, ತಲೆ ಬಗ್ಗಿಸದೆ ಬಾಯಿಗೆ ಸಿಗಬೇಕು. ನುಣುಪು ಟೈಲ್ಸ್ ನೆಲಕ್ಕೆ ಗೋಣಿಚೀಲವೋ ಹಳೇ ಜಮಖಾನವೋ ಹಾಸಿ. ಮಣ್ಣಿನ ಟ್ರೇ ಅಂಚು ತಗ್ಗಿರಲಿ. ಮಹಡಿ ಮೆಟ್ಟಿಲಿಗೆ ಅಡ್ಡ ಹಲಗೆ ಇಡಿ. ಹೊರಗೆ ಬಿಡಬೇಡಿ, ಕತ್ತು ಎತ್ತಲಾಗದ ಬೆಕ್ಕು ಬೀದಿನಾಯಿಯಿಂದ ತಪ್ಪಿಸಿಕೊಳ್ಳಲಾರದು.

ಉಪ್ಪು ಹಾಕಿದ ಒಣಮೀನು ಪೂರ್ತಿ ನಿಲ್ಲಿಸಿ. ಸಾರಿನ ಅನ್ನ ಬೇಡ, ಉಪ್ಪು ಒಂದು ಕಡೆ, ಈರುಳ್ಳಿ ಬೆಳ್ಳುಳ್ಳಿ ಇನ್ನೊಂದು ಕಡೆ. ಅವೆರಡೂ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ, ಜೊತೆಗೆ ಬೆಕ್ಕಿಗೆಂದೇ ತಯಾರಾದ ಒದ್ದೆ ಪೌಚ್ ಆಹಾರ ಒಳ್ಳೆಯದು. ಯಾವುದನ್ನೂ ತಿನ್ನದೆ ಎರಡು ದಿನ ಕಳೆಯಲು ಬಿಡಬೇಡಿ. ಉಪವಾಸ ಬಿದ್ದ ಬೆಕ್ಕಿಗೆ ಲಿವರಿನಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ಪ್ರಾಣಾಪಾಯವಾಗುತ್ತೆ.

ಹಂತ 7: ಮರು ತಪಾಸಣೆ

ಔಷಧ ಶುರುವಾದ ಒಂದು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್; ಏಳರಿಂದ ಹತ್ತು ದಿನಕ್ಕೆ ಬಿಪಿ. ಅಂಕಿಗಳು ನಿಲ್ಲುವವರೆಗೆ ಹತ್ತಿರ ಹತ್ತಿರ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಪೊಟ್ಯಾಸಿಯಂ ಸರಿಹೋದರೆ ಕತ್ತು ಕೆಲವೇ ದಿನಗಳಲ್ಲಿ ಏಳುತ್ತೆ, ಆ ಬದಲಾವಣೆ ಮನೆಮಂದಿಗೆಲ್ಲ ಕಾಣುತ್ತೆ. ಅದನ್ನು ನೋಡಿ ಮಾತ್ರೆ ನಿಲ್ಲಿಸಬಾರದು, ಗಡ್ಡೆ ಒಳಗೆ ಹಾಗೇ ಇದೆ. ಬಿಪಿ ಪೂರ್ತಿ ಹಿಡಿತಕ್ಕೆ ಬಾರದ ಬೆಕ್ಕುಗಳೂ ಇವೆ, ಆಗ ಪ್ರಮಾಣ ಬದಲಿಸಬೇಕಾಗುತ್ತೆ. ಪೊಟ್ಯಾಸಿಯಂ ಅತಿಯಾದರೂ ಹೃದಯಕ್ಕೆ ಅಪಾಯ. ಬೆಕ್ಕು ಮೂತ್ರ ಮಾಡುವುದು ನಿಂತರೆ, ಅಥವಾ ಇದ್ದಕ್ಕಿದ್ದಂತೆ ಬಳಲಿ ಬಡಿತ ನಿಧಾನವಾದರೆ, ಮುಂದಿನ ಡೋಸ್ ತಡೆಹಿಡಿದು ಡಾಕ್ಟರಿಗೆ ಫೋನ್ ಮಾಡಿ.

ದಿನಾ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ತಣ್ಣಗಾಗಿ ಎಳೆದರೆ, ಫಿಟ್ಸ್ ಬಂದರೆ, ಕಣ್ಣು ಕಾಣದಾದರೆ ಬೆಳಗಾಗುವವರೆಗೆ ಕಾಯಬೇಡಿ.

ಆಪರೇಷನ್ನೋ, ಬರೀ ಮಾತ್ರೆಯೋ

ಗಡ್ಡೆ ಒಂದೇ ಕಡೆ ಇದ್ದು, ಬೇರೆಡೆ ಹರಡದೆ, ಪಕ್ಕದ ದೊಡ್ಡ ರಕ್ತನಾಳದೊಳಗೆ ನುಗ್ಗಿರದಿದ್ದರೆ ಆ ಗ್ರಂಥಿಯನ್ನೇ ತೆಗೆಯಬಹುದು. ಯಶಸ್ವಿಯಾದರೆ ಔಷಧವೇ ಬೇಡವಾಗಿ ವರ್ಷಗಟ್ಟಲೆ ಬದುಕಿದ ಬೆಕ್ಕುಗಳಿವೆ. ಆದರೆ ರಕ್ತಸ್ರಾವದಿಂದ ಟೇಬಲ್ ಮೇಲೇ, ಅಥವಾ ಮುಂದಿನ ಕೆಲವು ದಿನಗಳಲ್ಲಿ ಸಾಯುವ ಸಾಧ್ಯತೆ ನಿಜವಾಗಿಯೂ ಇದೆ. ಮಾಡುವ ಸರ್ಜನ್ ಇಂಥದ್ದನ್ನು ಹಿಂದೆ ಮಾಡಿದ್ದಾರಾ, ಆಮೇಲೆ ರಾತ್ರಿಯಿಡೀ ನೋಡಿಕೊಳ್ಳುವವರು ಇರುತ್ತಾರಾ ಅಂತ ಸಂಕೋಚ ಬಿಟ್ಟು ಕೇಳಿ. ಎರಡೂ ಗ್ರಂಥಿ ದಪ್ಪಗಾಗಿದ್ದರೆ ಮಾತ್ರೆಯೇ ದಾರಿ. ಮಾತ್ರೆಯಲ್ಲಿ ಕೆಲವು ಬೆಕ್ಕು ತಿಂಗಳುಗಳಷ್ಟೇ ಉಳಿದರೆ, ಕೆಲವು ಎರಡು ವರ್ಷ ದಾಟಿವೆ. ಹದಿಮೂರು ವರ್ಷದ ಕೆಂಚನಿಗೆ ನಾವು ಮಾತ್ರೆ ಆರಿಸಿಕೊಂಡೆವು. ಕಿಡ್ನಿಯೂ ಸೋಲುತ್ತಿದ್ದ ಅವನಿಗೆ ಅದೇ ಸರಿಯಾದ ಆಯ್ಕೆ ಅಂತ ಇಂದಿಗೂ ನನ್ನ ಅಭಿಪ್ರಾಯ. ಏಳೆಂಟು ವರ್ಷದ ಗಟ್ಟಿ ಬೆಕ್ಕಾಗಿದ್ದರೆ ಬೆಂಗಳೂರಿಗೆ ಹೋಗುತ್ತಿದ್ದೆ.

ಔಷಧ ಏರಿಸಿದರೂ ಪೊಟ್ಯಾಸಿಯಂ ನಿಲ್ಲದೆ, ತಿನ್ನೋದು ಬಿಟ್ಟು, ಮೈ ನೆಕ್ಕಿಕೊಳ್ಳೋದು ಬಿಟ್ಟು, ಮೂಲೆ ಸೇರುವ ದಿನಗಳೇ ಹೆಚ್ಚಾದರೆ ದಯಾಮರಣದ ಮಾತು ಡಾಕ್ಟರ ಹತ್ತಿರ ನೀವೇ ಎತ್ತಿ. ಅವರು ಎಷ್ಟೋ ಸಲ ನೀವು ಕೇಳಲಿ ಅಂತ ಕಾಯುತ್ತಿರುತ್ತಾರೆ. ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು, ಬೆಕ್ಕು ಪೂರ್ತಿ ಮಲಗಿದ ಮೇಲೆ ಎರಡನೆಯದು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ಮನೆಗೆ ಬಂದು ಮಾಡುತ್ತಾರಾ ಅಂತಲೂ ವಿಚಾರಿಸಿ. ಇದನ್ನೆಲ್ಲ ಅವಸರದ ರಾತ್ರಿಯಲ್ಲಿ ಕೇಳೋದಕ್ಕಿಂತ, ಬೆಕ್ಕು ಚೆನ್ನಾಗಿರುವ ಮರು ತಪಾಸಣೆಯ ದಿನವೇ ಕೇಳಿ, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಹೂಳಲು ಜಾಗ ಇದ್ದವರು ಬಾವಿ, ಬೋರ್‌ವೆಲ್‌ನಿಂದ ದೂರ, ನಾಯಿ ಕೆದರದಷ್ಟು, ಮೂರಡಿಯಾದರೂ ಆಳ ತೋಡಬೇಕು. ಬಾಡಿಗೆ ಮನೆಯವರು ಪಾಲಿಕೆಯಲ್ಲೋ ನಗರಸಭೆಯಲ್ಲೋ ಮೊದಲೇ ಕೇಳಿಟ್ಟುಕೊಂಡಿರಿ.